ಎಸ್ಕೇಪ್‌ಗೆ ಕನ್ನಡದಲ್ಲಿ ಏನಂತೀರಿ?

ಅನುವಾದವೇ ನನ್ನ ಹೊಟ್ಟೆಪಾಡು. ಯಂತ್ರದ ಕೈಪಿಡಿ, ಸುದ್ದಿ, ಸಬ್‌ಟೈಟಲ್, ಬಂದದ್ದೆಲ್ಲ ಮಾಡುತ್ತೇನೆ. ಇಂಗ್ಲಿಷಿನ ಎಸ್ಕೇಪ್‌ಗೆ ಶುರುವಿನಲ್ಲಿ ನನ್ನ ಹತ್ತಿರ ಇದ್ದದ್ದು ಒಂದೇ ಪದ: ತಪ್ಪಿಸಿಕೊಳ್ಳು. ಅದು ಕೈಕೊಟ್ಟದ್ದು ಒಂದು ಕೋರ್ಟ್ ಸುದ್ದಿಯಲ್ಲಿ.

ಮೂಲದಲ್ಲಿ ‘ಎಸ್ಕೇಪ್ಡ್ ಪ್ರಿಸನ್’ ಅಂತಿತ್ತು. ‘ಆರೋಪಿ ಜೈಲಿನಿಂದ ತಪ್ಪಿಸಿಕೊಂಡ’ ಎಂದು ಬರೆದು ಕಳಿಸಿಬಿಟ್ಟೆ. ಸಂಪಾದಕರ ಫೋನ್ ಬಂತು. ‘ಅಲ್ಲಮ್ಮಾ, ಇವನು ಜೈಲಿಗೆ ಹೋಗಿದ್ದು ಯಾವಾಗ?’ ಹೋಗಿಯೇ ಇರಲಿಲ್ಲ. ದಂಡ ಕಟ್ಟಿಸಿಕೊಂಡು ಬಿಟ್ಟಿದ್ದರು. ನಡುವೆ ‘ಫ್ರಮ್’ ಇದ್ದಿದ್ದರೆ ಗೋಡೆ ಹಾರಿ ಓಡಿದ ಅಂತ. ಇಲ್ಲದಿದ್ದರೆ ಶಿಕ್ಷೆಯೇ ಆಗಲಿಲ್ಲ ಅಂತ. ನಮ್ಮಲ್ಲಿ ‘ಜೈಲು ತಪ್ಪಿತು’ ಎಂದಿದ್ದರೆ ಮುಗಿಯುತ್ತಿತ್ತು.

ಅಂದಿನಿಂದ ಮೊದಲು ಕೇಳಿಕೊಳ್ಳುವುದು ಇಷ್ಟೇ: ಸಿಕ್ಕಿಬಿದ್ದಿದ್ದನಾ, ಇನ್ನೂ ಸಿಕ್ಕಿರಲಿಲ್ವಾ? ಸಿಕ್ಕಿಬಿದ್ದಿದ್ದರೆ ತಪ್ಪಿಸಿಕೊಂಡ, ಪರಾರಿಯಾದ. ಅಪಾಯ ಪಕ್ಕದಲ್ಲೇ ಹಾದುಹೋಗಿದ್ದರೆ ಪಾರಾದ, ಬಚಾವಾದ. ಹೊಣೆ ಹೊರದೆ ಜಾಗ ಖಾಲಿ ಮಾಡಿದವನು ನುಣುಚಿಕೊಂಡ. ಗ್ಯಾಸ್ ಆದರೆ ಸೋರಿತು. ಇನ್ನು ಇಂಗ್ಲಿಷಿನವರಿಗೆ ನೆನಪಿಗೆ ಬಾರದ ಹೆಸರೂ ಎಸ್ಕೇಪ್ ಆಗುತ್ತದೆ. ನಮಗೆ ಹಾಗಲ್ಲ, ನಾಲಿಗೆ ತುದಿಯಲ್ಲೇ ಕೂತು ಸತಾಯಿಸುತ್ತದೆ.

ಪದದ ಹುಟ್ಟು ತಿಳಿದ ಮೇಲೆ ಅದರ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು. ಲ್ಯಾಟಿನ್ನಿನಲ್ಲಿ ‘ಎಕ್ಸ್’ ಅಂದರೆ ಹೊರಗೆ, ‘ಕಪ್ಪಾ’ ಅಂದರೆ ಮೇಲಂಗಿ. ಹಿಡಿದವನ ಕೈಯಲ್ಲಿ ಅಂಗಿ ಮಾತ್ರ ಉಳಿಯಿತು, ಆಸಾಮಿ ನಾಪತ್ತೆ!

ಜಾಸ್ತಿ ತಲೆ ತಿಂದದ್ದು ಗಡಿಯಾರದ ಕೈಪಿಡಿ. ಅದರಲ್ಲಿ ‘ಎಸ್ಕೇಪ್ ವೀಲ್’. ‘ಪಲಾಯನ ಚಕ್ರ’ ಎಂದು ಬರೆದು ನಾನೇ ನಕ್ಕೆ. ಆಮೇಲೆ ಹಿಂಬದಿ ತೆರೆದ ಲೋಲಕದ ಗಡಿಯಾರದ ಮುಂದೆ ಕೂತು ನೋಡಿದೆ. ಚಕ್ರಕ್ಕೆ ಚೂಪು ಹಲ್ಲುಗಳು. ಮೇಲೆ ಲಂಗರಿನ ಆಕಾರದ ಒಂದು ತುಂಡು. ಲೋಲಕ ಒಂದು ಕಡೆ ವಾಲಿದಾಗ ಅದು ಹಿಡಿದಿದ್ದ ಹಲ್ಲನ್ನು ಬಿಡುತ್ತದೆ, ತಕ್ಷಣ ಇನ್ನೊಂದು ತುದಿ ಮತ್ತೊಂದು ಹಲ್ಲನ್ನು ಹಿಡಿಯುತ್ತದೆ. ಹಿಡಿದಾಗ ಕೇಳುವುದೇ ಟಿಕ್. ತಪ್ಪಿಸಿಕೊಳ್ಳುವುದು ಹಲ್ಲು, ಅದೂ ಅರೆಕ್ಷಣಕ್ಕೆ. ಹಾಗೆ ಬಿಟ್ಟುಬಿಟ್ಟು ಹಿಡಿಯದಿದ್ದರೆ ಚಕ್ರ ಸರ್ರನೆ ತಿರುಗಿ ಕೀಲಿಯೆಲ್ಲ ಬಿಚ್ಚಿಹೋಗುತ್ತದೆ. ಕೊನೆಗೆ ‘ಹಲ್ಲುಬಿಡುವ ಚಕ್ರ’ ಎಂದು ಬರೆಯುವ ಆಸೆಯಾಯಿತು. ಓದುವವರು ಹಲ್ಲು ಕಿರಿಯುತ್ತಾರೆಂದು ಹೆದರಿ ‘ಎಸ್ಕೇಪ್ ಚಕ್ರ’ ಎಂದೇ ಇಟ್ಟು, ಕೆಳಗೆ ಎರಡು ಸಾಲು ವಿವರಣೆ ಕೊಟ್ಟೆ.

ಕೀಬೋರ್ಡಿನ ಎಸ್ಕೇಪ್ ಕೀಲಿಯನ್ನೂ ಮುಟ್ಟಲಿಲ್ಲ. 1960ರಲ್ಲಿ ಐಬಿಎಂನಲ್ಲಿದ್ದ ಬಾಬ್ ಬೀಮರ್ ಈ ಸಂಕೇತ ಸೂಚಿಸಿದ್ದು ಓಡಿಹೋಗಲು ಅಲ್ಲ. ಮುಂದೆ ಬರುವ ಅಕ್ಷರಗಳಿಗೆ ಮಾಮೂಲಿ ಅರ್ಥ ಹಚ್ಚಬೇಡ ಎಂದು ಯಂತ್ರಕ್ಕೆ ಹೇಳಲು. ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ಅದರ ಸಂಖ್ಯೆ 27.

ವಿಜ್ಞಾನದ ಪಾಠ ಸುಲಭವಾಗಿತ್ತು, ‘ಎಸ್ಕೇಪ್ ವೆಲಾಸಿಟಿ’ಗೆ ‘ವಿಮೋಚನಾ ವೇಗ’ ಮೊದಲೇ ಇತ್ತು. ಮೇಲಕ್ಕೆ ಎಸೆದದ್ದು ವಾಪಸ್ ಬೀಳದಿರಲು ಬೇಕಾದ ವೇಗ ಅದು. ಭೂಮಿಯ ಮೇಲ್ಮೈಯಿಂದ ಸೆಕೆಂಡಿಗೆ ಸುಮಾರು 11.2 ಕಿಲೋಮೀಟರ್. ಆದರೂ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಗುರುತ್ವ ಎಷ್ಟು ದೂರ ಹೋದರೂ ಪೂರ್ತಿ ಬಿಡುವುದಿಲ್ಲ, ವಾಪಸ್ ಎಳೆದುಕೊಳ್ಳಲು ಆಗುವುದಿಲ್ಲ ಅಷ್ಟೇ.

ಮೊನ್ನೆ ಒಂದು ಸಬ್‌ಟೈಟಲ್. ಪಾತ್ರೆ ತೊಳೆಯುವ ಹೊತ್ತಿಗೆ ಮಾಯವಾದ ತಮ್ಮನ ಬಗ್ಗೆ ಅಕ್ಕ ಗೊಣಗುತ್ತಾಳೆ. ನುಣುಚಿಕೊಂಡ, ಜಾರಿಕೊಂಡ, ಎಲ್ಲ ಬರೆದು ಅಳಿಸಿದೆ. ಕೊನೆಗೆ ಉಳಿದದ್ದು: ‘ನೋಡು, ಆಗ್ಲೇ ಎಸ್ಕೇಪ್!’