ಬೆಂಗಳೂರಿನಲ್ಲಿ ನೊಟೇಶನ್ ಪುಸ್ತಕ ಹುಡುಕುವುದು ಹೇಗೆ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಸಂಗೀತ ಕಲಿಯುವ ಮಕ್ಕಳಿಗೆ ಕೊರತೆ ಇಲ್ಲ. ವೀಣೆ, ಪಿಟೀಲು, ಹಾರ್ಮೋನಿಯಂ ಮೊದಲಿನಿಂದಲೂ ಇವೆ. ಈಗ ಕೀಬೋರ್ಡ್, ಗಿಟಾರ್, ವೆಸ್ಟರ್ನ್ ವಯಲಿನ್ ಕಲಿಯುವವರೂ ಜಾಸ್ತಿ ಆಗಿದ್ದಾರೆ. ವಾದ್ಯ ಹೇಗೋ ಸಿಗುತ್ತದೆ, ಕಷ್ಟ ಶುರುವಾಗುವುದು ಪುಸ್ತಕಕ್ಕೆ. ಹಾಡನ್ನು ಸ್ವರಲಿಪಿಯಲ್ಲಿ ಬರೆದಿರುವ ನೊಟೇಶನ್ ಪುಸ್ತಕವೊಂದರ ಹೆಸರನ್ನು ಮೇಷ್ಟ್ರು ಹೇಳಿರುತ್ತಾರೆ. ಶಿವಮೊಗ್ಗದ ಗಾಂಧಿ ಬಜಾರ್, ನೆಹರೂ ರಸ್ತೆ, ದುರ್ಗಿಗುಡಿ ಎಲ್ಲ ಸುತ್ತಿದರೂ ಸಿಗುವುದಿಲ್ಲ. ಕೊನೆಗೆ ‘ಬೆಂಗಳೂರಿಗೆ ಹೋದಾಗ ತಂದರಾಯ್ತು’ ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಬೆಂಗಳೂರಿಗೆ ಹೋದವರು ಮದುವೆ, ಆಸ್ಪತ್ರೆ ಕೆಲಸದ ನಡುವೆ ಯಾವುದೋ ದೊಡ್ಡ ಪುಸ್ತಕದಂಗಡಿ ಹೊಕ್ಕು, ‘ಮ್ಯೂಸಿಕ್ ಪುಸ್ತಕ ಇದೆಯಾ’ ಎಂದು ಕೇಳಿ, ಬರಿಗೈಯಲ್ಲಿ ವಾಪಸ್ ಬರುತ್ತಾರೆ.

ಬೆಂಗಳೂರಿನಲ್ಲಿ ನೊಟೇಶನ್ ಪುಸ್ತಕ ಧಾರಾಳವಾಗಿ ಸಿಗುತ್ತದೆ. ಆದರೆ ಎಲ್ಲವೂ ಒಂದೇ ಸೂರಿನಡಿ ಸಿಗುವುದಿಲ್ಲ. ವೆಸ್ಟರ್ನ್ ಸಂಗೀತದ ಪುಸ್ತಕ ವಾದ್ಯದ ಅಂಗಡಿಯ ಒಂದು ಕಪಾಟಿನಲ್ಲಿ ಇರುತ್ತದೆ. ಕರ್ನಾಟಕ ಸಂಗೀತದ್ದು ಎಷ್ಟೋ ಸಲ ಪೂಜಾ ಸಾಮಾನು, ಸ್ತೋತ್ರದ ಪುಸ್ತಕ ಮಾರುವ ಕಡೆ ಸಿಗುತ್ತದೆ. ಅಚ್ಚು ನಿಂತುಹೋದ ಪುಸ್ತಕ ಬೇಕಿದ್ದರೆ ಹಳೇ ಪುಸ್ತಕದ ಅಂಗಡಿಯನ್ನೇ ಜಾಲಾಡಬೇಕು. ಯಾವುದಕ್ಕೆ ಯಾವ ಬಾಗಿಲು ತಟ್ಟಬೇಕು ಎಂದು ಗೊತ್ತಿದ್ದರೆ ಒಂದು ದಿನದ ಓಡಾಟದಲ್ಲಿ ಕೆಲಸ ಮುಗಿಯುತ್ತದೆ.

ಊರು ಬಿಡುವ ಮೊದಲು ಚೀಟಿ ಬರೆದುಕೊಳ್ಳಿ

ಇದು ಎಲ್ಲಕ್ಕಿಂತ ಮುಖ್ಯ. ಹಾಡಿನ ಹೆಸರೊಂದೇ ಸಾಲದು. ಕೀಬೋರ್ಡ್ ಕಲಿಯುವ ಮಕ್ಕಳಿಗೆಲ್ಲ ಗೊತ್ತಿರುವ ‘ಮಿನುಯೆಟ್ ಇನ್ ಜಿ’ ಎಂಬ ನೃತ್ಯದ ಧಾಟಿಯ ಸಣ್ಣ ಕೃತಿಯನ್ನೇ ನೋಡಿ. ಆ ಹೆಸರಿನದ್ದು ಬೀಥೋವನ್‌ನದೂ ಒಂದಿದೆ. ಬಾಖ್ ತನ್ನ ಹೆಂಡತಿಗೆ ಕೊಟ್ಟ 1725ರ ನೋಟ್‌ಬುಕ್ಕಿನಲ್ಲಿ ಜಿ ಮೇಜರ್‌ನಲ್ಲೇ ಒಂದಕ್ಕಿಂತ ಹೆಚ್ಚು ಮಿನುಯೆಟ್ ಇವೆ. ಎಲ್ಲರೂ ಬಾಖ್‌ನದು ಎಂದು ನುಡಿಸುವ ಅದರ ಪ್ರಸಿದ್ಧ ಮಿನುಯೆಟ್ ಕ್ರಿಶ್ಚಿಯನ್ ಪೆಟ್ಸೋಲ್ಡ್ ಎಂಬಾತನದು. ಅಂಗಡಿಯವರು ಯಾವುದು ಕೊಡಬೇಕು? ಅದಕ್ಕೇ ಕೃತಿಯ ಸಂಖ್ಯೆ ಬೇಕು. ಬಾಖ್‌ಗೆ ಬಿಡಬ್ಲ್ಯುವಿ, ಮೊಜಾರ್ಟ್‌ಗೆ ಕೆ, ಉಳಿದ ಬಹಳ ಜನಕ್ಕೆ ಓಪಸ್ ಸಂಖ್ಯೆ ಇರುತ್ತದೆ. ಪೆಟ್ಸೋಲ್ಡ್‌ನ ಮಿನುಯೆಟ್ ಬಾಖ್‌ನ ಪಟ್ಟಿಯ ಅನುಬಂಧದಲ್ಲಿದೆ, ಅದರ ಸಂಖ್ಯೆ ಬಿಡಬ್ಲ್ಯುವಿ ಅನ್‌ಹಾಂಗ್ 114. ಹೀಗೆ ಬರೆದುಕೊಂಡು ಹೋದರೆ ಗೊಂದಲವೇ ಇಲ್ಲ.

ಸಂಖ್ಯೆಯ ಜೊತೆಗೆ ವಾದ್ಯ ಯಾವುದು, ಮೂಲ ರೂಪವೋ ಸುಲಭ ಮಾಡಿದ್ದೋ, ಪ್ರಕಾಶಕರು ಯಾರು ಎಂಬುದನ್ನೂ ಮೇಷ್ಟ್ರನ್ನೇ ಕೇಳಿ ಬರೆಸಿಕೊಳ್ಳಿ. ಅವರ ಹತ್ತಿರ ಆ ಪುಸ್ತಕ ಇದ್ದರೆ ಹಿಂದಿನ ರಕ್ಷಾಪುಟದ ಫೋಟೊ ತೆಗೆದುಕೊಳ್ಳಿ. ಅಲ್ಲಿ ಬಾರ್‌ಕೋಡ್ ಹತ್ತಿರ 979-0 ಎಂದು ಶುರುವಾಗುವ 13 ಅಂಕಿ ಇದ್ದರೆ ಅದು ಐಎಸ್‌ಎಂಎನ್. ಪುಸ್ತಕಗಳಿಗೆ ಐಎಸ್‌ಬಿಎನ್ ಇರುವ ಹಾಗೆ ಸಂಗೀತದ ಮುದ್ರಣಕ್ಕೆ ಇದು. ಫೋನಿನಲ್ಲಿ ಈ ಅಂಕಿ ಓದಿ ಹೇಳಿದರೆ ಅಂಗಡಿಯವರು ಕಂಪ್ಯೂಟರ್ ನೋಡಿ ಇದೆ, ಇಲ್ಲ ಎಂದು ಹೇಳಿಬಿಡುತ್ತಾರೆ.

ವೆಸ್ಟರ್ನ್ ಸಂಗೀತಕ್ಕೆ ಗ್ರೇಡ್ ಪರೀಕ್ಷೆ ನಡೆಸುವ ಬ್ರಿಟನ್ನಿನ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಸಂಸ್ಥೆಯ ಪರೀಕ್ಷೆ ಕಟ್ಟುವವರು ವರ್ಷ ನೋಡದೆ ಪುಸ್ತಕ ಕೊಳ್ಳಲೇಬೇಡಿ. ಎಬಿಆರ್‌ಎಸ್‌ಎಂನ ಪಿಯಾನೊ ಪುಸ್ತಕದಲ್ಲಿ ಎರಡೆರಡು ವರ್ಷಕ್ಕೆ ಪೀಸ್‌ಗಳು ಬದಲಾಗುತ್ತವೆ, ಯಾವ ವರ್ಷದ್ದು ಎಂದು ಮುಖಪುಟದ ಮೇಲೇ ಇರುತ್ತದೆ. ಕಡಿಮೆ ಬೆಲೆಗೆ ಸಿಕ್ಕಿತು ಎಂದು ಹಳೆಯ ವರ್ಷದ ಗ್ರೇಡ್ ಪುಸ್ತಕ ತಂದರೆ ಅಭ್ಯಾಸಕ್ಕೆ ಆದೀತು, ಪರೀಕ್ಷೆಗೆ ಆಗದೇ ಹೋಗಬಹುದು.

ಹಿಂದೂಸ್ತಾನಿ ಕಲಿಯುವವರು ಲಿಪಿ ಪದ್ಧತಿಯನ್ನೂ ಚೀಟಿಯಲ್ಲಿ ಬರೆಯಬೇಕು. ಭಾತಖಂಡೆ ಪದ್ಧತಿಯಲ್ಲಿ ಕೋಮಲ ಸ್ವರಕ್ಕೆ ಕೆಳಗೆ ಅಡ್ಡಗೆರೆ, ತೀವ್ರ ಮಧ್ಯಮಕ್ಕೆ ಮೇಲೆ ಉದ್ದಗೆರೆ. ಪಲುಸ್ಕರ್ ಪದ್ಧತಿಯ ಗುರುತುಗಳೇ ಬೇರೆ. ಒಂದನ್ನು ಕಲಿತ ಮಗುವಿನ ಕೈಗೆ ಇನ್ನೊಂದನ್ನು ಕೊಟ್ಟರೆ ಪಾಪ, ತಿಣುಕಾಡುತ್ತದೆ.

ಕೇಳಬೇಕಾದವರನ್ನು ಕೇಳಿ

ಅಂಗಡಿಯ ವಿಳಾಸ ಹುಡುಕುವ ಮೊದಲು, ಆ ಪುಸ್ತಕವನ್ನು ದಿನಾ ಬಳಸುವವರನ್ನು ಹುಡುಕಿ. ಐದು ಗೆರೆಗಳ ಮೇಲೆ ಬರೆಯುವ ವೆಸ್ಟರ್ನ್ ಸ್ವರಲಿಪಿ, ಅಂದರೆ ಸ್ಟಾಫ್ ನೊಟೇಶನ್ ವಿಷಯದಲ್ಲಿ ನಮ್ಮೂರಲ್ಲೇ ತಿಳಿದವರು ಇದ್ದಾರೆ. ಚರ್ಚ್‌ನ ಕಾಯರ್ (ಹಾಡುವ ತಂಡ) ನಡೆಸುವವರನ್ನು ಮಾತಾಡಿಸಿ ನೋಡಿ. ನಾಲ್ಕು ಧ್ವನಿಗೆ ಬರೆದ ಹಾಡು ಕಲಿಸುವವರಿಗೆ ನೊಟೇಶನ್ ಎಲ್ಲಿಂದ ತರಿಸಬೇಕು ಎಂದು ಗೊತ್ತಿರುತ್ತದೆ. ಬೆಂಗಳೂರಿನಲ್ಲಾದರೆ ಆರ್.ಟಿ. ನಗರದಲ್ಲಿರುವ, 1987ರಲ್ಲಿ ಶುರುವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನಂಥ ಕಡೆ ವಿಚಾರಿಸಬಹುದು. ಕರ್ನಾಟಕ ಸಂಗೀತಕ್ಕೆ ರಾಮನವಮಿ ಸಮಯ ಒಳ್ಳೆಯದು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಕಛೇರಿಗೆ ಹೋದರೆ ಕಲಿಯುವವರು, ಕಲಿಸುವವರು ಒಂದೇ ಕಡೆ ಸಿಗುತ್ತಾರೆ. ಪಕ್ಕದಲ್ಲಿ ಕೂತು ತಾಳ ಹಾಕುತ್ತಿರುವವರನ್ನು ವಿರಾಮದಲ್ಲಿ ಕೇಳಿ, ಖುಷಿಯಿಂದ ಹೇಳುತ್ತಾರೆ.

ಅಂಗಡಿಗೆ ಹೋಗುವ ಹಿಂದಿನ ದಿನ ಫೋನ್ ಮಾಡಿ. ಇದೆ ಎಂದರೆ ‘ನನ್ನ ಹೆಸರಿಗೆ ಎತ್ತಿಡಿ’ ಎಂದು ಹೇಳಿ. ಸುಮಾರು 300 ಕಿಲೋಮೀಟರ್ ಹೋಗುವುದು ಸುಮ್ನೆ ಅಲ್ವಲ್ಲ.

ಮೆಜೆಸ್ಟಿಕ್‌ನಿಂದ ಎತ್ತ ಹೋಗಬೇಕು?

ಬೆಳಗಿನ ಜಾವದ ಜನಶತಾಬ್ದಿ ಹತ್ತಿದರೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಬೆಂಗಳೂರಿನಲ್ಲಿ ಇರುತ್ತೀರಿ. ಅಲ್ಲಿಂದ ಮೆಟ್ರೊ ಸಾಕು.

ವಾದ್ಯಗಳ ಬೀದಿ ಎಂದರೆ ಬಳೇಪೇಟೆ. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದಲ್ಲಿ ಒಂದೇ ಸ್ಟಾಪ್, ಚಿಕ್ಕಪೇಟೆಯಲ್ಲಿ ಇಳಿದು ನಡೆಯಬಹುದು. ತಬಲಾ, ಮೃದಂಗ, ಹಾರ್ಮೋನಿಯಂ ಮಾಡುವವರು, ರಿಪೇರಿಯವರು ಅಲ್ಲಿದ್ದಾರೆ. ಪುಸ್ತಕ ಕಣ್ಣಿಗೆ ಬೀಳುವಂತೆ ಇಟ್ಟಿರುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ಗ್ರೇಡ್ ಪುಸ್ತಕ, ಪಿಯಾನೊ ಪುಸ್ತಕಕ್ಕೆ ಬೇರೆ ಬಗೆಯ ಅಂಗಡಿ ಬೇಕು. ಮುಂಬೈನಲ್ಲಿ 1865ರಲ್ಲಿ ಶುರುವಾದ ಫರ್ಟಾಡೋಸ್‌ನ ಮಳಿಗೆ ಬೆಂಗಳೂರಿನಲ್ಲೂ ಇದೆ. ವಾದ್ಯದ ಜೊತೆಗೇ ವೆಸ್ಟರ್ನ್ ಪುಸ್ತಕಗಳನ್ನೂ ತರಿಸುವ ಹಳೆಯ ಸಂಸ್ಥೆ ಅದು. ಚೆನ್ನೈಗೆ ಹೋಗುವವರಿಗೆ ಅಣ್ಣಾ ಸಾಲೈನ ಮ್ಯೂಸಿ ಮ್ಯೂಸಿಕಲ್ ಇದೆ, 1842ರಿಂದ ನಡೆದುಕೊಂಡು ಬಂದಿದೆ.

ಕರ್ನಾಟಕ ಸಂಗೀತಕ್ಕೆ ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆ ಕಡೆ ತಿರುಗಿ. ಪಾಠ ಹೇಳುವ ಮನೆಗಳು ಹೆಚ್ಚಿರುವ ಬಡಾವಣೆಗಳಲ್ಲಿ ಅದಕ್ಕೆ ಬೇಕಾದ ಪುಸ್ತಕವೂ ಸಿಗುತ್ತದೆ. ಚೆನ್ನೈನ ಮೈಲಾಪುರದ ಗಿರಿ ಟ್ರೇಡಿಂಗ್‌ನ ಮಳಿಗೆ ಬೆಂಗಳೂರಿನಲ್ಲೂ ಇದೆ. ವಿಗ್ರಹ, ಕುಂಕುಮದ ನಡುವೆ ವರ್ಣ, ಕೃತಿಗಳ ಪುಸ್ತಕವನ್ನೂ ಮಾರುತ್ತಾರೆ. ಇಲ್ಲಿ ಒಂದು ಎಚ್ಚರಿಕೆ: ಚೆನ್ನೈನಲ್ಲಿ ಅಚ್ಚಾದದ್ದು ಬಹಳಷ್ಟು ತಮಿಳು ಲಿಪಿಯಲ್ಲಿ ಇರುತ್ತದೆ. ಕವರ್ ಮೇಲೆ ಇಂಗ್ಲಿಷ್ ಹೆಸರು ನೋಡಿ ಕೊಳ್ಳಬೇಡಿ, ಒಳಗಿನ ಪುಟ ತೆಗೆದು ನೋಡಿ.

ಹಳೇ ಪುಸ್ತಕಕ್ಕೆ ನೇರಳೆ ಮಾರ್ಗದಲ್ಲಿ ಎಂ.ಜಿ. ರಸ್ತೆ ನಿಲ್ದಾಣ. ಚರ್ಚ್ ಸ್ಟ್ರೀಟ್‌ನ ಬ್ಲಾಸಮ್, ಬುಕ್‌ವರ್ಮ್, ಬ್ರಿಗೇಡ್ ರಸ್ತೆ ಪಕ್ಕದ ಓಣಿಯಲ್ಲಿರುವ ಸೆಲೆಕ್ಟ್, ಮೂರೂ ನಡೆದು ಮುಗಿಸುವ ದೂರದಲ್ಲಿವೆ. ಸೆಲೆಕ್ಟ್ 1945ರಷ್ಟು ಹಳೆಯದು. ಭಾನುವಾರ ಹೋದರೆ ಅವೆನ್ಯೂ ರಸ್ತೆಯ ಫುಟ್‌ಪಾತನ್ನೂ ನೋಡಿ. ಇಂಥದ್ದೇ ಬೇಕು ಎಂದು ಹೋದರೆ ಅಲ್ಲಿ ನಿರಾಸೆ ಆಗಬಹುದು. ಬಿಡುವು ಇದ್ದಾಗ ಹೋಗುವ ಜಾಗ ಅದು.

ಪುಸ್ತಕ ಕೈಗೆ ಬಂದಾಗ

ದುಡ್ಡು ಕೊಡುವ ಮೊದಲು ಹತ್ತು ನಿಮಿಷ ನಿಂತು ನೋಡಿ. ಕರ್ನಾಟಕ ಸಂಗೀತದ ಪಾಠದ ಪುಸ್ತಕಕ್ಕೆ ನಾನು ಹೇಳುವ ಪರೀಕ್ಷೆ ಸುಲಭ. ಮಲಹರಿ ರಾಗದ ‘ಶ್ರೀ ಗಣನಾಥ’ ಇರುವ ಪುಟ ತೆಗೆಯಿರಿ. ಅದನ್ನು ಕಲಿಯದ ಮಗು ಇಲ್ಲ. ಮೊದಲ ಸಾಲು ‘ಮ ಪ ದ ಸ ಸ ರಿ’. ಅದರಲ್ಲಿ ದ ಆದಮೇಲೆ ಬರುವ ಎರಡು ಸ, ಒಂದು ರಿ ತಾರಸ್ಥಾಯಿಯವು, ಅಂದರೆ ಮೇಲಿನ ಸ್ಥಾಯಿಯವು. ಹಾಗಾಗಿ ಆ ಮೂರರ ತಲೆಯ ಮೇಲೂ ಚುಕ್ಕೆ ಇರಬೇಕು. ಮತ್ತೆ ಮತ್ತೆ ಅಚ್ಚು ಹಾಕಿದ ಅಗ್ಗದ ಪ್ರತಿಗಳಲ್ಲಿ ಈ ಚುಕ್ಕೆಗಳೇ ಮೊದಲು ಮಾಯವಾಗುವುದು. ಚುಕ್ಕೆ ಹೋದರೆ ಸ್ಥಾಯಿ ಗೊತ್ತಾಗುವುದಿಲ್ಲ. ನಿಮಗೆ ಬಾಯಿಪಾಠ ಇರುವ ಗೀತೆಯಲ್ಲಿ ಚುಕ್ಕೆ ಸರಿ ಇಲ್ಲದ ಪುಸ್ತಕವನ್ನು, ನಿಮಗೆ ಗೊತ್ತಿಲ್ಲದ ಕೃತಿಗೆ ಹೇಗೆ ನಂಬುತ್ತೀರಿ? ವಾಪಸ್ ಕೊಟ್ಟುಬಿಡಿ. ರೂಪಕ ತಾಳದ ಗೆರೆಯೂ ಎರಡಕ್ಷರ, ನಾಲ್ಕಕ್ಷರಕ್ಕೆ ಸರಿಯಾಗಿ ಬಿದ್ದಿದೆಯೇ ನೋಡಿ. ದೊಡ್ಡ ಕೃತಿಗಳ ಪುಸ್ತಕವಾದರೆ ರಾಗದ ಆರೋಹಣ ಅವರೋಹಣ ಕೊಟ್ಟಿದ್ದಾರೆಯೇ, ಸಂಗತಿಗಳನ್ನು (ಒಂದೇ ಸಾಲನ್ನು ಬದಲಿಸಿ ಬದಲಿಸಿ ಹಾಡುವ ರೀತಿಗಳನ್ನು) ಬೇರೆ ಬೇರೆ ಸಾಲಿನಲ್ಲಿ ಬರೆದಿದ್ದಾರೆಯೇ ಎನ್ನುವುದೂ ಮುಖ್ಯ. ಬರೀ ಸಾಹಿತ್ಯ ಇರುವ ಪುಸ್ತಕವನ್ನು ‘ಸಂಗೀತದ ಪುಸ್ತಕ’ ಎಂದು ಕೊಡುವವರೂ ಇದ್ದಾರೆ.

ವೆಸ್ಟರ್ನ್ ಪುಸ್ತಕದಲ್ಲಿ ಸಂಪಾದಕರ ಹೆಸರು ನೋಡಿ. ‘ಉರ್‌ಟೆಕ್ಸ್ಟ್’ ಎಂದು ಇದ್ದರೆ ಸಂಗೀತಗಾರ ಬರೆದದ್ದಕ್ಕೆ ಆದಷ್ಟೂ ಹತ್ತಿರ ಇರುವ ಆವೃತ್ತಿ ಎಂದರ್ಥ. ಹೆನ್ಲೆ ಪ್ರಕಾಶನದವರ ನೀಲಿ ಕವರ್‌ನ ಪುಸ್ತಕಗಳು ಇದಕ್ಕೇ ಹೆಸರುವಾಸಿ, ಬೆಲೆಯೂ ಜಾಸ್ತಿ. ಶಿರ್ಮರ್ ಪ್ರಕಾಶನದ ಹಳದಿ ಪುಸ್ತಕಗಳು ಅಗ್ಗ, ಆದರೆ ಅವುಗಳಲ್ಲಿ ಹಳೆಯ ಸಂಪಾದಕರು ತಾವೇ ಸೇರಿಸಿದ ಗುರುತುಗಳು ಇರುತ್ತವೆ. ಶುರುವಿನ ಮಕ್ಕಳಿಗೆ ಅಗ್ಗದ್ದು ಸಾಕು. ಮುಂದಿನ ಗ್ರೇಡ್‌ಗಳಿಗೆ ಬಂದವರು ಸ್ವಲ್ಪ ದುಡ್ಡು ಕೂಡಿಸಿ ಒಂದಾದರೂ ಒಳ್ಳೆಯ ಆವೃತ್ತಿ ಇಟ್ಟುಕೊಳ್ಳಲಿ.

ವಯಲಿನ್‌ನವರಿಗೆ ಇನ್ನೊಂದು ಮಾತು. ವಯಲಿನ್ ಮತ್ತು ಪಿಯಾನೊಗೆ ಬರೆದ ಪುಸ್ತಕದ ಒಳಗೆ, ವಯಲಿನ್ ನುಡಿಸುವವರಿಗಾಗಿ ತೆಳ್ಳಗಿನ ಬೇರೆ ಪ್ರತಿ ಇರುತ್ತದೆ. ಅದನ್ನು ಹೊಲಿದಿರುವುದಿಲ್ಲ, ಸುಮ್ನೆ ಇಟ್ಟಿರುತ್ತಾರೆ. ಹಳೇ ಪುಸ್ತಕದ ಅಂಗಡಿಗೆ ಬರುವಷ್ಟರಲ್ಲಿ ಅದು ಎಲ್ಲೋ ಕಳೆದುಹೋಗಿರುತ್ತದೆ, ಉಳಿಯುವುದು ಪಿಯಾನೊದವರ ಪ್ರತಿ ಮಾತ್ರ. ಬಿಚ್ಚಿ ನೋಡಿಯೇ ಕೊಳ್ಳಿ.

ಸಿಗದಿದ್ದರೆ

ಅಂಗಡಿಯಲ್ಲೇ ಆರ್ಡರ್ ಕೊಟ್ಟು, ಪಾರ್ಸೆಲ್‌ನಲ್ಲಿ ಶಿವಮೊಗ್ಗಕ್ಕೆ ಕಳಿಸುತ್ತಾರಾ ಕೇಳಿ. ಹಳೆಯ ಯುರೋಪಿಯನ್ ಸಂಗೀತಗಾರರ ಕೃತಿಯಾದರೆ ಐಎಂಎಸ್‌ಎಲ್‌ಪಿ ಎಂಬ ಆನ್‌ಲೈನ್ ಭಂಡಾರದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು, 2006ರಿಂದ ಇದೆ. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡು 60 ವರ್ಷದವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ತ್ಯಾಗರಾಜರು ತೀರಿಕೊಂಡದ್ದು 1847ರಲ್ಲಿ, ಅವರ ಕೃತಿ ಎಲ್ಲರದೂ ಹೌದು. ಆದರೆ ಮೊನ್ನೆ ಮೊನ್ನೆ ಒಬ್ಬರು ಕೂತು ಅದಕ್ಕೆ ಸ್ವರ ಹಾಕಿ ಬರೆದ ಪುಸ್ತಕ ಅವರ ದುಡಿಮೆ. ಅದನ್ನು ಪೂರ್ತಿ ಜೆರಾಕ್ಸ್ ಮಾಡಿಸಬೇಡಿ. ಕೊಳ್ಳುವವರೇ ಇಲ್ಲದಿದ್ದರೆ ಕನ್ನಡ ಲಿಪಿಯಲ್ಲಿ ಇಂಥ ಪುಸ್ತಕ ಅಚ್ಚು ಹಾಕುವವರು ಯಾರು?

ಇಳಿಸಿಕೊಂಡದ್ದನ್ನು ಪ್ರಿಂಟ್ ಹಾಕಿಸುವಾಗ ದಪ್ಪ ಹಾಳೆ ಕೇಳಿ, ಸ್ಪೈರಲ್ ಬೈಂಡ್ ಮಾಡಿಸಿ. ಅಂಟು ಹಾಕಿದ ಬೈಂಡಿಂಗ್ ಆದರೆ ಸ್ಟ್ಯಾಂಡ್ ಮೇಲೆ ಬಿಚ್ಚಿಕೊಂಡು ಕೂರುವುದಿಲ್ಲ.

ಮಳೆಗಾಲಕ್ಕೆ

ಇಷ್ಟು ಕಷ್ಟಪಟ್ಟು ತಂದ ಪುಸ್ತಕ ಮಲೆನಾಡಿನ ಒಂದು ಮಳೆಗಾಲದಲ್ಲಿ ಬೂಸ್ಟು ಹಿಡಿದುಬಿಡಬಹುದು. ಟ್ರಂಕಿನಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದ ಹಾಗೆ ಕಟ್ಟಿಡಬೇಡಿ. ಗೋಡೆಗೆ ತಾಗದ ಕಪಾಟಿನಲ್ಲಿ ನಿಲ್ಲಿಸಿ ಇಡಿ. ನಡುನಡುವೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಅವು ತೇವ ಎಳೆದುಕೊಳ್ಳುತ್ತವೆ. ಬೆಳ್ಳಿಮೀನು ಹುಳಕ್ಕೆ ನುಸಿಗುಳಿಗೆ ಆಗುತ್ತದೆ. ಆಷಾಢದಲ್ಲಿ ಬಿಸಿಲು ಕಂಡ ದಿನ ಹೊರತೆಗೆದು, ಬಿಸಿಲಿಗೆ ಹಿಡಿಯದೆ ನೆರಳಿನಲ್ಲೇ ಹಾಳೆ ಬಿಚ್ಚಿ ಗಾಳಿ ಆಡಿಸಿ. ಹರಿದ ಪುಟಕ್ಕೆ ಸೆಲ್ಲೋ ಟೇಪ್ ಬೇಡ, ಕೆಲವು ವರ್ಷದಲ್ಲಿ ಹಳದಿಯಾಗಿ ಅದರ ಅಂಟು ಸ್ವರಗಳ ಮೇಲೇ ಉಳಿಯುತ್ತದೆ. ತೆಳು ಕಾಗದಕ್ಕೆ ಮೈದಾ ಗೋಂದು ಹಚ್ಚಿ ಅಂಟಿಸಿ, ಪೂರ್ತಿ ಒಣಗಿದ ಮೇಲೆ ಮುಚ್ಚಿಡಿ. ಬೆರಳಿನ ಗುರುತು, ವಯಲಿನ್ ಬಿಲ್ಲಿನ ಗುರುತು ಎಲ್ಲ ಪೆನ್ಸಿಲ್‌ನಲ್ಲೇ ಇರಲಿ, ಮೇಷ್ಟ್ರು ನಾಳೆ ಬದಲಾಯಿಸಬಹುದು. ಒಳಗೆ ಬಿಡಿಯಾಗಿ ಬಂದ ವಯಲಿನ್ ಪ್ರತಿಗೆ ಹಿಂದಿನ ರಟ್ಟಿನ ಒಳಬದಿಯಲ್ಲಿ ಒಂದು ಕಾಗದದ ಜೇಬು ಅಂಟಿಸಿ, ಅಭ್ಯಾಸ ಮುಗಿದ ಕೂಡಲೇ ಅದರೊಳಗೇ ಇಡುವುದನ್ನು ಮಗುವಿಗೆ ರೂಢಿ ಮಾಡಿಸಿ.