ಕೀಲಿಮಣೆ, ಮೌಸ್‌ಗಳನ್ನು ನಿಮ್ಮ ಕಂಪೋಸಿಟರ್‌ಗೆ ಜೋಡಿಸುವುದು ಹೇಗೆ?

ಲಿನಕ್ಸ್‌ನಲ್ಲಿ ವೇಲ್ಯಾಂಡ್ ಕಂಪೋಸಿಟರ್ (ವೇಲ್ಯಾಂಡ್ ಎಂಬ ನಿಯಮಾವಳಿಯಂತೆ ಪ್ರೋಗ್ರಾಂಗಳ ಕಿಟಕಿಗಳನ್ನು ಒಟ್ಟುಗೂಡಿಸಿ ಪರದೆಗೆ ತರುವ ತಂತ್ರಾಂಶ) ಬರೆಯಲು ಹೊರಟವರು ಕಿಟಕಿಗಳನ್ನು ಪರದೆಗೆ ತರುವುದರಲ್ಲೇ ಮುಳುಗಿ, ಇನ್‌ಪುಟ್ ಸಾಧನಗಳ ಕೆಲಸವನ್ನು ಕೊನೆಗೆ ಉಳಿಸಿಕೊಳ್ಳುವುದುಂಟು. ಆದರೆ ತಂತ್ರಾಂಶದ ಹದ ಬಳಕೆದಾರರಿಗೆ ಮೊದಲು ತಿಳಿಯುವುದು ಬೆರಳ ತುದಿಯಲ್ಲಿ. ಹಾಗಾಗಿ ಇದನ್ನು ಆರಂಭದಲ್ಲೇ ಕೈಗೆತ್ತಿಕೊಳ್ಳಬೇಕು.

ಒಂದು ಸಾಲು ಕೋಡ್ ಬರೆಯುವ ಮುನ್ನ, ಲಿನಕ್ಸ್‌ನ ತಿರುಳಾದ ಕರ್ನಲ್ ಏನು ಹೇಳುತ್ತಿದೆ ಎಂಬುದನ್ನು ಕಣ್ಣಾರೆ ನೋಡಿ. ಇವಿಟೆಸ್ಟ್ ಎಂಬ ಪುಟ್ಟ ಪ್ರೋಗ್ರಾಂ ಅನ್ನು ರೂಟ್ (ಪೂರ್ಣಾಧಿಕಾರದ) ಅನುಮತಿಯೊಂದಿಗೆ ನಡೆಸಿ, ಪಟ್ಟಿಯಿಂದ ಕೀಲಿಮಣೆಯನ್ನು ಆರಿಸಿ, ‘ಎ’ ಕೀಲಿಯನ್ನು ಒತ್ತಿ ಬಿಡಿ. ಒತ್ತಿದಾಗ 30 ಎಂಬ ಸಂಕೇತದ ಜೊತೆ 1 ಎಂಬ ಮೌಲ್ಯವೂ, ಬಿಟ್ಟಾಗ 0 ಕೂಡ ಕಾಣುತ್ತವೆ. ಒತ್ತಿ ಹಿಡಿದರೆ 2 ಮತ್ತೆ ಮತ್ತೆ ಬರುತ್ತದೆ. ಪ್ರತಿ ಗುಂಪಿನ ಕೊನೆಗೆ ‘ಸಿನ್ ರಿಪೋರ್ಟ್’ ಎಂಬ ಗಡಿಗೆರೆ ಇರುತ್ತದೆ. ಮೌಸ್ ಅನ್ನು ಓರೆಯಾಗಿ ಎಳೆದರೆ ಅಡ್ಡ ಚಲನೆ, ಲಂಬ ಚಲನೆ ಬೇರೆ ಬೇರೆಯಾಗಿ ಬರುವುದರಿಂದ, ಗಡಿಗೆರೆಗೆ ಕಾಯದೆ ಕರ್ಸರ್ ಸರಿಸಿದರೆ ಓರೆಗೆರೆ ಮೆಟ್ಟಿಲಾಗುತ್ತದೆ. ದೋಷ ಇವಿಟೆಸ್ಟ್‌ನಲ್ಲೇ ಕಂಡರೆ ಅದು ನಿಮ್ಮ ಕೋಡ್‌ನದಲ್ಲ. ಈ ಒಂದು ಪರೀಕ್ಷೆ ದಿನಗಟ್ಟಲೆ ಹುಡುಕಾಟವನ್ನು ಉಳಿಸುತ್ತದೆ.

ಇಷ್ಟು ತಿಳಿದ ಮೇಲೆ, ಸಾಧನಗಳನ್ನು ನೇರವಾಗಿ ಓದುವ ಆಸೆಯನ್ನು ಬಿಟ್ಟು ಇನ್‌ಪುಟ್ ಸಾಧನಗಳನ್ನು ನಿಭಾಯಿಸುವ ಲಿಬ್‌ಇನ್‌ಪುಟ್ ಎಂಬ ಲೈಬ್ರರಿಯನ್ನು ಬಳಸಿ ಎಂಬುದೇ ನನ್ನ ಸಲಹೆ. ಟಚ್‌ಪ್ಯಾಡ್ ಮೇಲೆ ಅಂಗೈ ತಗುಲಿದ್ದನ್ನು ಬೆರಳೆಂದು ತಿಳಿಯದಿರುವುದು, ಎರಡು ಬೆರಳಿನ ಸ್ಕ್ರೋಲ್ ಗುರುತಿಸುವುದು ಮುಂತಾದ ವರ್ಷಗಳ ಅನುಭವ ಅದರಲ್ಲಿ ಅಡಗಿದೆ. ಅದು ಕೊಡುವ ಒಂದೇ ಫೈಲ್ ಡಿಸ್ಕ್ರಿಪ್ಟರ್ (ತೆರೆದ ಕಡತವನ್ನು ಗುರುತಿಸುವ ಸಂಖ್ಯೆ) ಅನ್ನು ಮುಖ್ಯ ಲೂಪ್‌ಗೆ ಸೇರಿಸಿ, ಓದಲು ಸಿದ್ಧವಾದ ಕೂಡಲೇ ಅದರ ಡಿಸ್ಪ್ಯಾಚ್ ಫಂಕ್ಷನ್ ಕರೆದು, ಸರದಿ ಬರಿದಾಗುವ ತನಕ ಈವೆಂಟ್‌ಗಳನ್ನು ತೆಗೆಯಿರಿ. ಇಲ್ಲಿ ತಡಮಾಡಿದರೆ ಕರ್ನಲ್‌ನ ಬಫರ್ ತುಂಬಿ ಈವೆಂಟ್‌ಗಳು ಕಳೆದುಹೋಗುತ್ತವೆ.

ಸಾಧನದ ಕಡತವನ್ನು ತೆರೆಯುವ ಮತ್ತು ಮುಚ್ಚುವ ಫಂಕ್ಷನ್‌ಗಳನ್ನು ಮಾತ್ರ ನೀವೇ ಒದಗಿಸಬೇಕು. ಕೀಲಿಮಣೆಯ ಕಡತವನ್ನು ಓದಬಲ್ಲ ಪ್ರೋಗ್ರಾಂ, ಒತ್ತಿದ ಕೀಲಿಗಳಿಂದ ಪಾಸ್‌ವರ್ಡ್‌ಗಳನ್ನೂ ಓದಬಲ್ಲದು. ಆದ್ದರಿಂದ ಇಡೀ ಕಂಪೋಸಿಟರ್‌ಗೆ ರೂಟ್ ಅಧಿಕಾರ ಕೊಡದೆ, ಬಳಕೆದಾರರ ಲಾಗಿನ್‌ಗಳನ್ನು ನೋಡಿಕೊಳ್ಳುವ ಲಾಗಿನ್‌ಡಿ ಎಂಬ ಸೇವೆಯ ಮೂಲಕವೇ ಸಾಧನವನ್ನು ಕೇಳಿ ಪಡೆಯಿರಿ.

30 ಎಂಬುದು ಕೀಲಿಯ ಗುರುತೇ ಹೊರತು ಅಕ್ಷರವಲ್ಲ. ಅಕ್ಷರವನ್ನು ನಿರ್ಧರಿಸುವುದು ಎಕ್ಸ್‌ಕೆಬಿಕಾಮನ್ ಎಂಬ ಲೈಬ್ರರಿ, ಮತ್ತು ಅದಕ್ಕೆ ಕೊಡುವ ಮುನ್ನ ಸಂಕೇತಕ್ಕೆ 8 ಕೂಡಿಸಬೇಕು: 30 ಇದ್ದದ್ದು 38 ಆಗುತ್ತದೆ. ವೇಲ್ಯಾಂಡ್‌ಗಿಂತ ಹಳೆಯದಾದ ಎಕ್ಸ್ ವಿಂಡೋ ವ್ಯವಸ್ಥೆಯ ಕೀಲಿಸಂಕೇತಗಳು 8ರಿಂದ ಆರಂಭವಾಗುತ್ತಿದ್ದ ಕಾಲದ ಉಳಿಕೆ ಇದು. ಇದನ್ನು ಮರೆತರೆ ಪ್ರತಿ ಕೀಲಿಯೂ ತಪ್ಪು ಅಕ್ಷರ ಮೂಡಿಸುತ್ತದೆ.

ಕೊನೆಯದಾಗಿ, ಬಳಕೆದಾರರು ಕಂಟ್ರೋಲ್, ಆಲ್ಟ್, ಎಫ್2 ಒತ್ತಿ ಬೇರೆ ಕನ್ಸೋಲ್‌ಗೆ ಹೋದಾಗ ಲಿಬ್‌ಇನ್‌ಪುಟ್ ಅನ್ನು ತಡೆಹಿಡಿದು, ಮರಳಿದಾಗ ಮತ್ತೆ ಚಾಲೂ ಮಾಡಿ. ಇಲ್ಲದಿದ್ದರೆ ಕಂಟ್ರೋಲ್ ಕೀಲಿ ಬಿಟ್ಟ ಸುದ್ದಿ ನಿಮ್ಮ ತಂತ್ರಾಂಶಕ್ಕೆ ತಲುಪದೇ ಹೋಗಬಹುದು. ಹೀಗೊಮ್ಮೆ ಹೋಗಿ ಬಂದು, ಟರ್ಮಿನಲ್‌ನಲ್ಲಿ ‘ಸಿ’ ಒತ್ತಿ ನೋಡಿ: ಓಡುತ್ತಿದ್ದ ಪ್ರೋಗ್ರಾಂ (ಕಂಟ್ರೋಲ್-ಸಿ ಒತ್ತಿದಂತಾಗಿ) ನಿಂತುಹೋಗದೆ ‘ಸಿ’ ಅಕ್ಷರವೇ ಮೂಡಬೇಕು.