ವೈಫೈ ಇದೆ, ನೆಟ್ ಇಲ್ಲ: ಕೊಂಡಿ ಎಲ್ಲಿ ಕಳಚಿದೆ ಎಂದು ಹುಡುಕುವ ಬಗೆ

ಮೊಬೈಲ್‌ನಲ್ಲಿ ವೈಫೈ ಗುರುತು ತುಂಬಿಕೊಂಡಿರುತ್ತದೆ, ಒಂದು ಪುಟವೂ ತೆರೆಯುವುದಿಲ್ಲ. ಆಗ ಎಲ್ಲರ ಕೈಯೂ ಮೊದಲು ಹೋಗುವುದು ರೂಟರ್ ಸ್ವಿಚ್ಚಿಗೆ. ಆರಿಸಿ ಹಾಕಿದಾಗ ಕೆಲವೊಮ್ಮೆ ಸರಿಹೋಗುತ್ತದೆ, ಆದರೆ ಏನು ಕೆಟ್ಟಿತ್ತೆಂದು ತಿಳಿಯದ ಕಾರಣ ನಾಳೆ ಮತ್ತೆ ಅದೇ ಗೋಳು. ಹತ್ತಿರದಿಂದ ದೂರಕ್ಕೆ ಒಂದೊಂದೇ ಕೊಂಡಿ ನೋಡುತ್ತ ಹೋದರೆ ಹತ್ತು ನಿಮಿಷದಲ್ಲಿ ದೋಷದ ಜಾಗ ಸಿಗುತ್ತದೆ. ಐಪಿ, ಗೇಟ್‌ವೇ, ಡಿಎನ್‌ಎಸ್ ಎಂಬ ಮಾತುಗಳೂ ಆ ದಾರಿಯಲ್ಲೇ ಅರ್ಥವಾಗುತ್ತವೆ.

ಮೊದಲು ದೀಪ ನೋಡಿ

ಫೈಬರ್ ತಂತಿ ಬಂದು ಸೇರುವ ಪೆಟ್ಟಿಗೆಗೆ ಒಎನ್‌ಟಿ ಎನ್ನುತ್ತಾರೆ. ಈಗ ಹೆಚ್ಚಿನ ಮನೆಗಳಲ್ಲಿ ರೂಟರೂ ಅದರೊಳಗೇ ಇರುತ್ತದೆ. ಅದರ ಮೇಲಿನ ‘ಪಾನ್’ (PON, ಫೈಬರ್ ಸಂಪರ್ಕದ) ದೀಪ ಮಿಣುಕದೆ ಹಸಿರಾಗಿ ಉರಿಯಬೇಕು. ‘ಎಲ್‌ಒಎಸ್’ ಕೆಂಪಾಗಿದ್ದರೆ ಬೆಳಕಿನ ಸಂಕೇತವೇ ಒಳಗೆ ಬರುತ್ತಿಲ್ಲ. ಹೊರಗೆಲ್ಲೋ ತಂತಿ ತುಂಡಾಗಿರಬಹುದು, ಇಲ್ಲವೇ ನಿಮ್ಮ ಮನೆಯಲ್ಲೇ ಬೀರುವಿನ ಹಿಂದೆ ಸಿಕ್ಕಿ ಮಡಿಚಿಕೊಂಡಿರಬಹುದು. ಫೈಬರ್ ಎಂದರೆ ಕೂದಲಿನಷ್ಟು ತೆಳ್ಳಗಿನ ಗಾಜು. ಚೂಪಾಗಿ ಬಗ್ಗಿದ ಕಡೆ ಬೆಳಕು ಹೊರಗೆ ಸೋರುತ್ತದೆ. ಉಳಿದ ತಂತಿಯನ್ನು ಸುತ್ತಿಡುವಾಗ ಸುರುಳಿಯ ಅಗಲ 6 ಸೆಂಟಿಮೀಟರಿಗಿಂತ ಕಡಿಮೆಯಾಗದಿರಲಿ. ಪಿನ್ ಕಿತ್ತು ತುದಿಯೊಳಗೆ ಇಣುಕಲೇಬೇಡಿ, ಅಲ್ಲಿರುವುದು ಕಣ್ಣಿಗೆ ಕಾಣದ ಲೇಸರ್.

ವಿಳಾಸ ಸಿಕ್ಕಿದೆಯೇ?

ವಠಾರವೊಂದನ್ನು ನೆನಪಿಸಿಕೊಳ್ಳಿ. ಬೀದಿಗೆ ಕಾಣುವ ಸಂಖ್ಯೆ ಒಂದೇ, ಒಳಗಿನ ಮನೆಗಳಿಗೆ ಬೇರೆ ಬೇರೆ ಸಂಖ್ಯೆ. ನಿಮ್ಮ ಮೊಬೈಲು, ಟಿವಿ, ಲ್ಯಾಪ್‌ಟಾಪ್‌ಗಳು ಆ ಒಳಮನೆಗಳು. ಅವುಗಳ ಸಂಖ್ಯೆಯೇ ಐಪಿ ವಿಳಾಸ. ಹೊರಗೆ ಹೋಗಲು ಎಲ್ಲರಿಗೂ ಇರುವ ತಲೆಬಾಗಿಲು ರೂಟರ್, ಅದೇ ಗೇಟ್‌ವೇ. ಸಂಖ್ಯೆ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಎಂದು ಹೆಸರು. ಅದನ್ನೂ ರೂಟರೇ ಮಾಡುತ್ತದೆ.

ವಿಂಡೋಸ್‌ನಲ್ಲಿ ಸ್ಟಾರ್ಟ್ ಒತ್ತಿ ಸಿಎಂಡಿ ಎಂದು ಟೈಪ್ ಮಾಡಿ, ತೆರೆದ ಕಪ್ಪು ಪರದೆಯಲ್ಲಿ ‘ಐಪಿಕಾನ್ಫಿಗ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಜಾಗ ಬಿಡದೆ ಬರೆದು ಎಂಟರ್ ಒತ್ತಿ. ಐಪಿವಿ4 ವಿಳಾಸ 192.168.1.7 ಎಂಬಂತೆ, ಡೀಫಾಲ್ಟ್ ಗೇಟ್‌ವೇ 192.168.1.1 ಎಂಬಂತೆ ಕಂಡರೆ ಸರಿ. ವಿಳಾಸ 169.254 ಎಂದು ಶುರುವಾದರೆ ರೂಟರ್ ಸಂಖ್ಯೆ ಕೊಡಲಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ. ವೈಫೈ ಹೆಸರನ್ನು ‘ಫರ್ಗೆಟ್’ ಮಾಡಿ ಪಾಸ್‌ವರ್ಡ್ ಕೊಟ್ಟು ಮತ್ತೆ ಸೇರಿಕೊಳ್ಳಿ. ರೂಟರ್ ಸ್ವಿಚ್ ಆರಿಸಿ ಹಾಕುವುದು ನಿಜಕ್ಕೂ ಕೆಲಸಕ್ಕೆ ಬರುವುದು ಇಂಥ ಕಡೆ.

ಮನೆಯವರನ್ನು ಬಹಳ ಕಾಡುವ ತೊಂದರೆ ಇನ್ನೊಂದಿದೆ. ಮಹಡಿಗೂ ವೈಫೈ ಸಿಗಲೆಂದು ಹಳೆಯ ರೂಟರನ್ನು ಕೇಬಲ್ ಎಳೆದು ಸೇರಿಸಿರುತ್ತೀರಿ. ಈಗ ಸಂಖ್ಯೆ ಹಂಚುವವರು ಇಬ್ಬರು. ಕೆಲವು ಮೊಬೈಲ್‌ಗಳಿಗೆ 192.168.1ರ ಸಾಲು, ಕೆಲವಕ್ಕೆ 192.168.0ರ ಸಾಲು. ಎರಡನೆಯ ಸಾಲಿನವು ಹಳೆಯ ರೂಟರನ್ನೇ ತಲೆಬಾಗಿಲು ಎಂದು ನಂಬುತ್ತವೆ, ಅಲ್ಲಿಂದಾಚೆ ದಾರಿಯಿಲ್ಲ. ಒಂದೇ ಮನೆಯಲ್ಲಿ ಅಣ್ಣನ ಫೋನಿಗೆ ನೆಟ್ ಬಂದು ತಂಗಿಯದಕ್ಕೆ ಬಾರದಿದ್ದರೆ ಎರಡೂ ಫೋನಿನ ಐಪಿ ಹೋಲಿಸಿ ನೋಡಿ. ಹೀಗಾಗಿದ್ದರೆ ಹಳೆಯ ರೂಟರನ್ನು ಬಿಡಿಸಿ, ಅದೊಂದಕ್ಕೇ ಲ್ಯಾಪ್‌ಟಾಪ್ ಜೋಡಿಸಿ, ಬ್ರೌಸರ್‌ನಲ್ಲಿ ಅದರ ಗೇಟ್‌ವೇ ಸಂಖ್ಯೆ ಬರೆದು ಲಾಗಿನ್ ಆಗಿ, ಅದರ ಲ್ಯಾನ್ (ಮನೆಯೊಳಗಿನ ಜಾಲದ) ವಿಳಾಸವನ್ನು 192.168.1.2 ಮಾಡಿ. ಆ ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ ಡಿಎಚ್‌ಸಿಪಿ ಆಫ್ ಮಾಡಿ. ಕ್ರಮ ತಿರುಗಿಸಬೇಡಿ: ಮೊದಲೇ ಡಿಎಚ್‌ಸಿಪಿ ಆಫ್ ಮಾಡಿದರೆ ಲ್ಯಾಪ್‌ಟಾಪ್‌ಗೆ ವಿಳಾಸ ಸಿಗದೆ ಒಳಗೆ ಹೋಗುವುದೇ ಕಷ್ಟವಾಗುತ್ತದೆ. ಕೊನೆಗೆ ಕೇಬಲನ್ನು ಅದರ ವ್ಯಾನ್ (ಹೊರಗಿನ ಸಂಪರ್ಕದ) ಕಿಂಡಿಗಲ್ಲ, ಲ್ಯಾನ್ ಕಿಂಡಿಗೆ ಚುಚ್ಚಿ.

ಕೂಗಿ ನೋಡಿ, ಓಗೊಡುತ್ತದೆಯೇ?

ಪಿಂಗ್ ಎಂದರೆ ಕೂಗಿ ಕರೆದು, ಓಗೊಡಲು ಎಷ್ಟು ಹೊತ್ತಾಯಿತೆಂದು ಅಳೆಯುವುದು. ಅದೇ ಕಪ್ಪು ಪರದೆಯಲ್ಲಿ ಪಿಂಗ್ ಎಂದು ಬರೆದು, ಒಂದು ಜಾಗ ಬಿಟ್ಟು ಗೇಟ್‌ವೇ ಸಂಖ್ಯೆ ಹಾಕಿ. ನಾಲ್ಕು ಸಲ ಕೂಗುತ್ತದೆ. ವೈಫೈನಲ್ಲಿ ಕೆಲವೇ ಮಿಲಿಸೆಕೆಂಡಿನಲ್ಲಿ ಉತ್ತರ ಬರಬೇಕು. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು ನಡುನಡುವೆ ಬಂದರೆ ತೊಂದರೆ ಮನೆಯೊಳಗಿನ ವೈಫೈಯದು, ಕಂಪನಿಗೆ ಫೋನ್ ಮಾಡಿ ಫಲವಿಲ್ಲ. ವೈಫೈನ ಎರಡು ತರಂಗಗಳಲ್ಲಿ 5 ಗಿಗಾಹರ್ಟ್ಸ್ ವೇಗವಾದದ್ದು ನಿಜ, ಆದರೆ ಕಾಂಕ್ರೀಟ್ ಗೋಡೆ ದಾಟುವುದರಲ್ಲಿ 2.4ಕ್ಕಿಂತ ಹಿಂದೆ. ದೂರದ ಕೋಣೆಗೆ 2.4 ಇರಲಿ, ಅಕ್ಕಪಕ್ಕದ ಮನೆಗಳ ವೈಫೈ ದಟ್ಟವಾಗಿದ್ದರೆ ರೂಟರ್ ಸೆಟ್ಟಿಂಗ್‌ನಲ್ಲಿ 2.4ರ ಚಾನೆಲ್ 1, 6, 11ರಲ್ಲಿ ಖಾಲಿಯಿರುವುದನ್ನು ಆರಿಸಿ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಈ ಮೂರೇ.

ಗೇಟ್‌ವೇ ಓಗೊಟ್ಟರೆ ಮುಂದೆ 8.8.8.8ಕ್ಕೆ ಪಿಂಗ್ ಮಾಡಿ. ಇದು ಗೂಗಲ್‌ನ ಸರ್ವರ್. ಉತ್ತರವೇ ಇಲ್ಲದಿದ್ದರೆ ಕೊಂಡಿ ಕಳಚಿರುವುದು ಸಾಮಾನ್ಯವಾಗಿ ರೂಟರಿನಾಚೆ: ಪ್ಲಾನ್ ಅವಧಿ ಮುಗಿದಿರಬಹುದು, ಇಲ್ಲವೇ ಪಿಪಿಪಿಒಇ ಲಾಗಿನ್ (ರೂಟರ್ ಕಂಪನಿಯ ಜಾಲಕ್ಕೆ ಸೇರುವ ಲಾಗಿನ್) ಬಿಟ್ಟುಹೋಗಿರಬಹುದು. ದಯವಿಟ್ಟು ಹಿಂಬದಿಯ ಸಣ್ಣ ರೀಸೆಟ್ ತೂತಿಗೆ ಪಿನ್ನು ಚುಚ್ಚಬೇಡಿ. ಆ ಲಾಗಿನ್‌ನ ಹೆಸರು, ಪಾಸ್‌ವರ್ಡ್ ಎರಡೂ ಅಳಿಸಿಹೋಗಿ ಸಣ್ಣ ದೋಷ ದೊಡ್ಡದಾಗುತ್ತದೆ. ‘ನೆಟ್ ಬರುತ್ತಿಲ್ಲ’ ಎನ್ನುವುದರ ಬದಲು ‘ಪಾನ್ ಹಸಿರಿದೆ, ಗೇಟ್‌ವೇ ಪಿಂಗ್ ಆಗುತ್ತಿದೆ, 8.8.8.8 ಆಗುತ್ತಿಲ್ಲ’ ಎಂದು ದೂರು ಕೊಡಿ. ರೂಟರ್ ಆರಿಸಿ ಹಾಕಿದಿರಾ ಎಂಬಲ್ಲಿಂದ ಮಾತು ಶುರುವಾಗುವುದು ತಪ್ಪುತ್ತದೆ.

8.8.8.8 ಓಗೊಟ್ಟು, ಜಾಲತಾಣದ ಹೆಸರು ಹಾಕಿ ಪಿಂಗ್ ಮಾಡಿದಾಗ ಓಗೊಡದಿದ್ದರೆ ದೋಷ ಡಿಎನ್‌ಎಸ್‌ನದು. ಜಾಲತಾಣದ ಹೆಸರನ್ನು ಐಪಿ ಸಂಖ್ಯೆಯಾಗಿ ಹುಡುಕಿಕೊಡುವುದು ಅದರ ಕೆಲಸ. ರೂಟರ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಮತ್ತು 1.1.1.1 ಬರೆದು ಸೇವ್ ಮಾಡಿ.

ಎಲ್ಲ ಸರಿಯಿದ್ದೂ ನಿಧಾನವೇ?

100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಫೈಲ್ ಅಳೆಯುವುದು ಬೈಟ್‌ನಲ್ಲಿ. 8 ಬಿಟ್‌ಗೆ ಒಂದು ಬೈಟ್. ಹಾಗಾಗಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಇಳಿಯುತ್ತದೆ, ಇದು ಮೋಸವಲ್ಲ. ಆದರೆ 300 ಎಂಬಿಪಿಎಸ್ ಪ್ಲಾನ್ ಹಾಕಿಸಿಯೂ ಕೇಬಲ್ ಜೋಡಿಸಿದ ಕಂಪ್ಯೂಟರ್‌ನಲ್ಲಿ ವೇಗ ಯಾವಾಗಲೂ 95ರ ಆಸುಪಾಸಿನಲ್ಲೇ ನಿಂತರೆ ಕೇಬಲನ್ನು ಅನುಮಾನಿಸಿ. ಅದರೊಳಗೆ 8 ಎಳೆಗಳಿವೆ. 100ರ ವೇಗಕ್ಕೆ 4 ಸಾಕು, ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ಎಳೆ ತುಂಡಾದರೂ ಸಂಪರ್ಕ 100ಕ್ಕೆ ಇಳಿದುಬಿಡುತ್ತದೆ. ಕೇಬಲ್ ಮೇಲೆ ಕ್ಯಾಟ್ 5ಇ ಅಥವಾ 6 (ಗಿಗಾಬಿಟ್ ತಾಳುವ ಕೇಬಲ್ ದರ್ಜೆ) ಎಂದು ಅಚ್ಚಾಗಿದೆಯೇ ನೋಡಿ. ಆಗಿದ್ದರೆ ಎರಡೂ ತುದಿಯ ಪಿನ್ ಕತ್ತರಿಸಿ ಹೊಸ ಆರ್‌ಜೆ45 ಪಿನ್ ಒತ್ತಿ ಕೂರಿಸಲು (ಕ್ರಿಂಪ್) ಹೇಳಿ, ಎಂಟೂ ಎಳೆಗಳನ್ನು ಟೆಸ್ಟರ್ ಹಾಕಿ ತೋರಿಸಲು ಹೇಳಿ.